ಓಬಮ್ಮನ ಕೆಂಪು ಗಂಟು

ಹೊನ್ನಯ್ಯ ಸತ್ತವಳ ಮಂಚದ ಕೆಳಗೆ ಕೈ ತೂರಿಸಿ ಡಬ್ಬಿ ಎಳೆಯುತ್ತಿದ್ದ. ಅಂಗಳದಲ್ಲಿ ಹೆಂಗಸರು ಓಬಮ್ಮನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಪಕ್ಕದ ಮನೆಯವನಿಗೆ ಒಳಗೇನು ಕೆಲಸ ಎಂದು ಕೇಳುವವರಿರಲಿಲ್ಲ. ಮಾಟ ಮಾಡಿದವರು ಮಣ್ಣಿಗೆ ಹೋಗುವ ಮುಂಚೆ ಗಂಟು ಬಿಚ್ಚದಿದ್ದರೆ ಅದು ಮೂರು ತಲೆಮಾರು ಬಿಡುವುದಿಲ್ಲ ಎಂಬುದು ಚೌಳಹಿರಿಯೂರಿನಲ್ಲಿ ಹೊನ್ನಯ್ಯನೊಬ್ಬನಿಗೇ ಗೊತ್ತಿದ್ದ ಸಂಗತಿ.

ಡಬ್ಬಿಯೊಳಗೆ ಕೆಂಪು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದ. ಅವರೆಕಾಳು, ಸಣ್ಣ ಕಲ್ಲು, ಸಾಸಿವೆ.

"ನೋಡ್ರಪ್ಪಾ!" ಅಂಗಳಕ್ಕೆ ಬಂದು ಗಂಟನ್ನು ಎತ್ತಿ ಹಿಡಿದ. "ನನ್ ತೆಂಗಿನ ಮರ ಸುಮ್ಸುಮ್ನೆ ಎಳೇಕಾಯಿ ಉದುರಿಸ್ತಿಲ್ಲ ಕಣ್ರೋ!"

ಚಟ್ಟಕ್ಕೆ ಹೆಗಲು ಕೊಡಲು ಬಂದಿದ್ದ ಲಕ್ಕಣ್ಣ ಹೆಗಲ ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಇನ್ನಿಬ್ಬರು ಬೀಡಿ ಹಚ್ಚುವ ನೆಪದಲ್ಲಿ ಬೇಲಿ ಕಡೆ ನಡೆದರು. ಚಟ್ಟದ ಬಳಿ ಮಗ ತಿಪ್ಪೇಶ್ ಒಬ್ಬನೇ ಉಳಿದ.

"ಹೊನ್ನಣ್ಣ, ನಿನ್ ಕಾಲಿಗ್ ಬೀಳ್ತೀನಿ. ಮೊದ್ಲು ಅವ್ವನ್ನ ಕಳ್ಸಿಕೊಡಾನ. ಬೈಯೋದಿದ್ರೆ ಆಮೇಲೆ ನನ್ನ ಬೈ."

"ಕಳ್ಸಿದ್ಮೇಲೆ ಬಿಚ್ಚೋರ್ಯಾರು? ಇದೇನಂತ ಗೊತ್ತಾಗೋವರ್ಗೂ ನಾನೂ ಹೆಗಲು ಕೊಡಲ್ಲ, ಕೊಡೋರ್ನೂ ಬಿಡಲ್ಲ."

*

ಓಬಮ್ಮ ಕಡೂರಿನ ಬೇಳೆ ಮಿಲ್ಲಿನಲ್ಲಿ ಕಲ್ಲು ಆರಿಸುತ್ತಲೇ ಮುದುಕಿಯಾದವಳು. ಅಂಥವಳು ಹೋದ ವರ್ಷ ಒಂದು ಸಂಜೆ ಜಗಲಿಯಲ್ಲಿ ಕೂತು ಕಾಳಿಗೆ ತಾನೇ ಕಲ್ಲು ಬೆರೆಸುವುದನ್ನು ಹೊನ್ನಯ್ಯ ಗೋಡೆ ಮೇಲಿಂದ ಕಣ್ಣಾರೆ ಕಂಡಿದ್ದ. ಎದುರಿಗೆ, ಪಿಯುಸಿಯಲ್ಲಿ ಕೆಮಿಸ್ಟ್ರಿ ಫೇಲಾಗಿ ಅಳುತ್ತಿದ್ದ ಮೊಮ್ಮಗಳು ಹೇಮಶ್ರೀ.

"ಇನ್ನೆರಡು ಕಲ್ಲು ಹಾಕ್ಲೇನೇ?"

"ಹಾಕಜ್ಜಿ. ಕಲ್ಲೆಷ್ಟಾದ್ರೂ ಹೆಸ್ರು ಬದಲಾಗಲ್ಲ. ತೂಕ ಮಾತ್ರ."

"ನನ್ನಂಗೇ ಅನ್ನು. ಮದ್ವೇಲಿ ಕಡ್ಡಿಯಂಗಿದ್ದೆ. ನಾಕು ಹೆತ್ಮೇಲೆ ಮಿಲ್ಲಿನ ತಕ್ಕಡಿನೇ ಮುರೀತು. ಆಗ್ಲೂ ಓಬಮ್ಮ ಅಂತ್ಲೇ ಕೂಗಿದ್ರು."

ಹುಡುಗಿ ಮೂಗೊರೆಸಿಕೊಂಡು ನಕ್ಕಳು.

ಆ ರಾತ್ರಿ ಹೊನ್ನಯ್ಯನಿಗೆ ನಿದ್ದೆ ಬರಲಿಲ್ಲ. ಯಾರ ಹೆಸರು? ತನ್ನದಲ್ಲದೆ ಇನ್ಯಾರದು? ಬೆಳಿಗ್ಗೆ ಎದ್ದು ನೋಡಿದರೆ ಮರದಡಿ ಎಳೆಗಾಯಿ ಬಿದ್ದಿದ್ದವು. ಮುಂಚೆಯೂ ಬೀಳುತ್ತಿದ್ದವು; ಆಗ ಅವನು ನೋಡಿರಲಿಲ್ಲ.

*

"ತಾತ, ಅದು ಕ್ಲೋರಿನ್." ಹೇಮಶ್ರೀ ಅಜ್ಜಿಯ ಸ್ನಾನ ಬಿಟ್ಟೆದ್ದು, ಒದ್ದೆ ಕೈಯನ್ನು ವೇಲಿಗೆ ಒರೆಸಿಕೊಂಡು ಹೊನ್ನಯ್ಯನ ಬಳಿ ಬಂದಳು. "ಪರಮಾಣು. ಅವರೆ ಪ್ರೋಟಾನು, ಕಲ್ಲು ನ್ಯೂಟ್ರಾನು, ಸಾಸಿವೆ ಎಲೆಕ್ಟ್ರಾನು. ಅವರೆ ಹದಿನೇಳಿದ್ರೆ ಅದು ಕ್ಲೋರಿನ್ನೇ. ಕಲ್ಲು ಹದಿನೆಂಟಾದ್ರೂ ಅದೇ, ಇಪ್ಪತ್ತಾದ್ರೂ ಅದೇ. ಐಸೋಟೋಪು ಅಂತಾರೆ. ನನ್ ತಲೆಗೆ ಹೋಗ್ಲಿ ಅಂತ ಅಜ್ಜಿ ಕಟ್ಕೊಟ್ಳು."

"ಸಾಸಿವೆ?"

"ಅವರೆ ಎಷ್ಟೋ ಅಷ್ಟೇ."

ಹೊನ್ನಯ್ಯ ಜಗಲಿಯ ಮೇಲೆ ಟವೆಲ್ ಹಾಸಿ ಎಲ್ಲರೆದುರೇ ಎಣಿಸಿದ. ಅವರೆ ಹದಿನೇಳು. ಕಲ್ಲು ಇಪ್ಪತ್ತು. ಸಾಸಿವೆ ಹದಿನೆಂಟು. ಅವನ ಮುಖ ಅರಳಿತು.

"ಒಂದು ಹೆಚ್ಗೆ! ಇದ್ಯಾರ ಮನೇದು?"

ಹೇಮಶ್ರೀ ಬಗ್ಗಿ ನೋಡಿದಳು. "ಪಕ್ಕದ ಮನೇದು."

ಎಲ್ಲರೂ ಹೊನ್ನಯ್ಯನ ಕಡೆ ತಿರುಗಿದರು. ಓಬಮ್ಮನಿಗೆ ಹೊನ್ನಯ್ಯನ ಮನೆ ಬಿಟ್ಟು ಬೇರೆ ಪಕ್ಕದ ಮನೆ ಇರಲಿಲ್ಲ.

"ಸೋಡಿಯಂದು ತಾತ! ಕ್ಲೋರಿನ್‌ಗೆ ಒಂದು ಕಮ್ಮಿ ಬೀಳ್ತದೆ, ಸೋಡಿಯಂ ತನ್ನದೊಂದು ಕೊಡ್ತದೆ. ಡಬ್ಬೀಲಿ ಇನ್ನೊಂದು ಗಂಟೈತೆ. ಅವರೆ ಹನ್ನೊಂದು, ಕಲ್ಲು ಹನ್ನೆರಡು. ಸಾಸಿವೆ ಮಾತ್ರ ಹತ್ತೇ ಇರ್ಬೇಕು."

"ಹನ್ನೊಂದಿದ್ರೆ?"

"ನೀನಂದಿದ್ದೇ ನಿಜ ಅಂತ ಇಟ್ಕೋ."

ತಿಪ್ಪೇಶ್ ಮಗಳನ್ನು ದುರುಗುಟ್ಟಿ ನೋಡಿದ. ಹೊನ್ನಯ್ಯ ಎರಡನೇ ಗಂಟು ತಂದು ಬಿಚ್ಚಿದ. ಸಾಸಿವೆ ಹತ್ತು. ಬಟ್ಟೆ ಕೊಡವಿದ. ಮಡಿಕೆ ತಡವಿದ. ತನ್ನ ಉಗುರಿನ ಸಂದಿಯನ್ನೂ ನೋಡಿಕೊಂಡ.

"ಹತ್ತೇ ಕಣೋ," ಲಕ್ಕಣ್ಣ ಟವೆಲ್ಲನ್ನು ಮತ್ತೆ ಹೆಗಲಿಗೇರಿಸಿದ. "ಬಿಸ್ಲೇರ್ತೈತೆ, ಏಳು."

"ಇರಪ್ಪಾ. ಏನಮ್ಮೀ, ಕೊಟ್ಟು ತಗೊಂಡು ಆದ್ಮೇಲೆ ಇವೆರಡೂ ಸೇರಿ ಏನಾಯ್ತವೆ?"

"ಉಪ್ಪು."

ಹೊನ್ನಯ್ಯ ನಂಬಲಿಲ್ಲ. ಆದರೂ ಆಡಿದ ಮಾತಿಗೆ ಕಟ್ಟುಬಿದ್ದು ಚಟ್ಟಕ್ಕೆ ಹೆಗಲು ಕೊಟ್ಟ.

ಗುಂಡಿಯ ಬಳಿ ತಿಪ್ಪೇಶ್ ಎಲ್ಲರಿಗೂ ಒಂದೊಂದು ಹಿಡಿ ಕಲ್ಲುಪ್ಪು ಹಂಚಿದ. ಮಣ್ಣಿಗೆ ಮುಂಚೆ ಉಪ್ಪು ಹಾಕುವುದು ಅವರಲ್ಲಿ ವಾಡಿಕೆ. ಎಲ್ಲರೂ ಹಾಕಿ ಸರಿದರು. ಹೊನ್ನಯ್ಯ ಮಾತ್ರ ಅಂಗೈಯನ್ನು ಬಿಸಿಲಿಗೊಡ್ಡಿ, ಒಂದು ಕಣ್ಣು ಮುಚ್ಚಿ, ಹರಳುಗಳನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದ. ಕೊನೆಗೆ ಮಂಡಿಯೂರಿ, ಓಬಮ್ಮನ ಪಾದದ ಬಳಿ ಮೆಲ್ಲಗೆ ಸುರಿದ. ಅಂಗೈಗೆ ಅಂಟಿ ಉಳಿದ ಒಂದು ಹರಳನ್ನು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲಿಗೆಯ ತುದಿಗಿಟ್ಟುಕೊಂಡ.