ದೊಡ್ಡಮ್ಮನ ಕಾರ್ಪೆಟ್ಟಿಗೆ ಮೂರು ಪರೀಕ್ಷೆ

‘ಹಾಸಿಗೆ ಇದ್ದಷ್ಟು ಅರಿಸಿನ ಚೆಲ್ಲು’ ಎಂದು ಹಿರಿಯರು ಹೇಳಿದ್ದಾರೆ. ಹೇಳಿಲ್ಲವೆಂದರೂ ನಮ್ಮ ಜಯಾ ದೊಡ್ಡಮ್ಮ ಮಾಡಿ ತೋರಿಸಿದ್ದಾರೆ. ಇದು ಅಪ್ಪಟ ಸತ್ಯ. ಸುಳ್ಳಾದರೆ ನನ್ನ ಮಿಮಿಕ್ರಿ ಗಂಟಲು ಕಟ್ಟಿಹೋಗಲಿ.

ಸಂಜಯನಗರದಲ್ಲಿ ವೀಣೆ ಕಲಿಸುವ ದೊಡ್ಡಮ್ಮ ಮೊದಲು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ಶುಕ್ರವಾರ ಮುತ್ತೈದೆಯರನ್ನು ಕರೆದಿದ್ದಾಗ ಕಲಸಿದ ಅರಿಸಿನದ ಬಟ್ಟಲು ಕೈಜಾರಿ, ಕೆನೆಬಣ್ಣದ ಉಣ್ಣೆ ಕಾರ್ಪೆಟ್ಟಿನ ನಟ್ಟನಡುವೆ ಬಿತ್ತು. ಆ ಕಾರ್ಪೆಟ್ಟು ಅವರ ಗುರು ಕೃಷ್ಣಮ್ಮನವರು ಕೊಟ್ಟದ್ದು. ಭಾನುವಾರ ಸಂಜೆ ಅದೇ ಗುರುಗಳು ಬಂದು, ಅದರ ಮೇಲೆಯೇ ಕೂತು ಶಿಷ್ಯರ ವೀಣೆ ಕೇಳುವವರಿದ್ದರು.

“ಸೋಪ್ ಹಾಕಿ ತಿಕ್ಲಾ?” ಎಂದೆ.

“ಮುಟ್ಟೀಯಾ, ಜೋಕೆ! ಅರಿಸಿನಕ್ಕೆ ಸೋಪ್ ಬಿದ್ರೆ ಕೆಂಪಾಗತ್ತೆ ಕಣೋ ವಾಸು. ಸುಣ್ಣ ಹಾಕಿದ್ರೆ ಆರತಿ ನೀರು ಹೆಂಗಾಗತ್ತೆ, ಮರ್ತ್ಯಾ?”

ಶನಿವಾರ ಬೆಳಿಗ್ಗೆಯೇ ಕಾರ್ಪೆಟ್ ತೊಳೆಯುವ ಮೂವರನ್ನು ಕರೆಸಿದರು. ಹಳೆಯ ಉಣ್ಣೆ ಕಾಲೊರಸೊಂದನ್ನು ಮೂರು ತುಂಡು ಮಾಡಿ, ಮೂರಕ್ಕೂ ಅರಿಸಿನ ಬಳಿದು, “ಮೊದ್ಲು ಇದ್ರ ಮೇಲೆ ತೋರ್ಸಿ” ಎಂದರು. ಇಷ್ಟು ಪರೀಕ್ಷೆ ಮಾಡಿ ಯಾರೂ ಅಳಿಯನನ್ನೂ ಆರಿಸಿದ್ದಿಲ್ಲ.

ಮೊದಲನೆಯವನದು ಶಾಂಪೂ, ಗಿರಗಿರ ಬ್ರಷ್ಷು. ನೊರೆಯೇನೋ ಹಾಲುಕ್ಕಿದಂತೆ ಬಂತು; ತುಂಡು ಮಾತ್ರ ಓಕುಳಿಯಾಯಿತು. ದೊಡ್ಡಮ್ಮ ಮಜ್ಜಿಗೆ ಕೊಟ್ಟು ಕಳಿಸಿದರು.

ಎರಡನೆಯವನ ಯಂತ್ರ ಬಿಸಿನೀರು ಚಿಮ್ಮಿಸಿ, ತಾನೇ ಹೀರಿಕೊಂಡು, ಡಿಕಾಕ್ಷನ್ನಿನಂಥ ಕೊಳೆ ಹೊರಗೆ ಸುರಿಯಿತು. ನಾನು ಬಾಯಿಬಿಟ್ಟು ನೋಡಿದೆ.

“ಧೂಳಿಗೆ ಇದು ಬ್ರಹ್ಮಾಸ್ತ್ರ ಕಣೋ,” ದೊಡ್ಡಮ್ಮನೂ ಮೆಚ್ಚಿದರು. “ಆದ್ರೆ ಇಷ್ಟು ದಪ್ಪ ಕಾರ್ಪೆಟ್ಟು ನಾಳೆ ಸಂಜೆಗೆ ಒಣಗ್ಬೇಕಲ್ಲ!”

ಮೂರನೆಯವನು ಕೊಡಿಗೇಹಳ್ಳಿಯ ಉಮೇಶ. ಸೋಪಿನಂಶವಿಲ್ಲದ ದ್ರಾವಣ ಹದವಾಗಿ ಸಿಂಪಡಿಸಿ, ತಿರುಗುವ ಹತ್ತಿ ಪ್ಯಾಡ್ ಒತ್ತಿದ. ಹಳದಿ ಪ್ಯಾಡಿಗೆ ಅಂಟಿತು. ಉಣ್ಣೆ ಬರೀ ತೇವವಾಯಿತು.

“ಉಳಿದಿದ್ದನ್ನ ಬಿಸಿಲು ತಿನ್ನತ್ತೆ. ನೀನೇ ಮಾಡಪ್ಪ,” ಎಂದರು ದೊಡ್ಡಮ್ಮ.

ಉಮೇಶ ಕೆಲಸ ಮುಗಿಸಿ, ಕಾರ್ಪೆಟ್ಟನ್ನು ತಾರಸಿಯಲ್ಲಿ ಹರಡಿ ಹೋದ. ಮಧ್ಯಾಹ್ನ ಮೇಲೆ ಹೋಗಿ ನೋಡಿದರೆ ಕಲೆಯ ಸುಳಿವೇ ಇಲ್ಲ! ಓಡಿ ಹೋಗಿ ಶುಭಸಮಾಚಾರ ಹೇಳಬೇಕಿತ್ತು. ಆದರೆ ನನ್ನ ಮಿಮಿಕ್ರಿ ಗಂಟಲು ಕಡಿಯಿತು. ವೀಣೆ ಕ್ಲಾಸಿನ ಕೆಂಪು ಜಮಖಾನ ತಂದು ಕಾರ್ಪೆಟ್ಟಿನ ಮೇಲೆ ಹಾಸಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಕೆಳಗಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ.

“ಮೇಡಮ್ಮೋರೇ, ನಾನು ಉಮೇಶ,” ಎಂದೆ ಅವನದೇ ದನಿಯಲ್ಲಿ. “ತಪ್ಪಾಗೋಯ್ತು. ಬಾಟ್ಲು ಅದ್ಲುಬದ್ಲಾಗಿ ಶಾಂಪೂ ಆಕ್ಬುಟ್ಟಿವ್ನಿ. ಒಸಿ ಮ್ಯಾಲೋಗಿ ನೋಡ್ತೀರಾ?”

ಮೆಟ್ಟಿಲು ದಡದಡ ಎಂದಿತು. ದೊಡ್ಡಮ್ಮ ಎರಡು ಕೈಯಲ್ಲೂ ನಿಂಬೆಹೋಳು ಹಿಡಿದು ಬಂದರು. “ಅಯ್ಯೋ, ಗುರುಗಳಿಗೆ ಹೆಂಗಪ್ಪಾ ಮುಖ ತೋರ್ಸಲಿ! ಪೂರ್ತಿ ಕೆಂಪು!” ಎನ್ನುತ್ತಾ ಮಂಡಿಯೂರಿ ಹಿಂಡಿದರು. ಹುಳಿ ಬಿದ್ದರೆ ಕೆಂಪು ಮರಳಿ ಹಳದಿಯಾಗಬೇಕು; ಆಗಲಿಲ್ಲ. ಅನುಮಾನದಿಂದ ಅಂಚು ಹಿಡಿದೆತ್ತಿದರು. ಕೆಳಗೆ ಕೆನೆಬಣ್ಣದ ಕಾರ್ಪೆಟ್ಟು, ಹಾಲಿನ ಕೆನೆಯಷ್ಟೇ ಶುಭ್ರ.

ಅದನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದರು.

“ಮ್ಯಾಲೋಗಿ ನೋಡ್ದೆ ಕಣಪ್ಪಾ ಉಮೇಶಾ!” ಎಂದು ನನ್ನ ಫೋನಿನ ದನಿಯನ್ನೇ ಅಣಕಿಸಿ, ಉಳಿದ ನಿಂಬೆಹೋಳನ್ನು ನನ್ನ ನೆತ್ತಿಗೆ ಹಿಂಡಿದರು. ನಗು ಶುರುವಾದದ್ದು ಆಗಲೇ. ನಾನೂ ನಕ್ಕೆ, ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಸರಳಾ ಆಂಟಿಯೂ ನಕ್ಕರು. ಆದರೆ ಕೆಳಗಿನ ಬೀದಿಯವರು ತಲೆಯೆತ್ತಿ ನೋಡಿದ್ದು, ಜಮಖಾನದ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಿದ್ದ ದೊಡ್ಡಮ್ಮನ ನಗು ಕೇಳಿಯೇ.