ಪೂಜೆಗಿಟ್ಟ ಬಂದೂಕು

ಹಾಲವ್ವನ ಬಾಯಿಗೆ ಬೀಳುವುದಕ್ಕಿಂತ ಓಡುವ ಪಾವರಲೂಮಿಗೆ ಕೈ ಕೊಡುವುದು ಮೇಲು ಎಂದು ಬನಹಟ್ಟಿಯ ಆ ಓಣಿಯವರು ಹೇಳುತ್ತಾರೆ. ಹೇಳಲಿ. ಆ ಬಾಯಿ ಹಾಗಾಗಲು ಕಾರಣ ಅವರೇ. ಅವಳ ಅಪ್ಪ ಸಾತಪ್ಪನನ್ನು ಬಂದೂಕು ಮಾರಿಕೊಂಡ ಕಳ್ಳ ಎಂದವರು ಅವರು. ಮದುವೆ ಗೊತ್ತಾಗಿದ್ದ ಹುಡುಗಿ ಅಪ್ಪನ ಮನೆಯಲ್ಲೇ ಮುದುಕಿಯಾಗುವುದನ್ನು ಕಟ್ಟೆಯ ಮೇಲೆ ಕೂತು ನೋಡಿದವರೂ ಅವರೇ. ಅರವತ್ತು ದಾಟಿದ ಮೇಲೆ ಅವಳ ಮಾತು ಬೆಣ್ಣೆಯ ಹಾಗೆ ಇರಬೇಕು ಎಂದರೆ ಹೇಗೆ?

ಸಾತಪ್ಪ ನೇಕಾರರ ಮಗ. ಆದರೆ ಮಗ್ಗ ಬಿಟ್ಟು ಸಂಸ್ಥಾನದ ಪಲ್ಟಣಿ ಸೇರಿದ. ಸಂಸ್ಥಾನ ಹೋಯಿತು, ಪಲ್ಟಣಿ ಮುರಿಯಿತು. ಸಾತಪ್ಪ ಲೈಸೆನ್ಸಿನ ಸಮೇತ ಒಂದು ಹಳೇ ಬಂದೂಕನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ. ವಿಕ್ಟೋರಿಯಾ ರಾಣಿಯ ಕಾಲದ ಫೌಜಿನ ರೈಫಲು ಅದು. ಕೆಳಗಿನ ಹಿಡಿ ಎಳೆದರೆ ಬಾಯಿ ತೆರೆಯುತ್ತಿತ್ತು, ಒಂದು ಸಲಕ್ಕೆ ಒಂದೇ ಗುಂಡು. ಅದರಿಂದ ಅವನು ಒಂದು ಕಾಗೆಯನ್ನು ಹೊಡೆದದ್ದನ್ನೂ ಯಾರೂ ಕಂಡಿಲ್ಲ. ಆಗಾಗ ಎಣ್ಣೆ ಒರೆಸಿ ಗೋಡೆಯ ಗೂಟಕ್ಕೆ ತೂಗುಹಾಕುತ್ತಿದ್ದ, ಅಷ್ಟೆ. ಹಾಲವ್ವ ಸಣ್ಣವಳಿದ್ದಾಗ ಅದರ ಕಟ್ಟಿಗೆಯ ಮೇಲೆ ಮೊಳೆಯಿಂದ ‘ಹಾ’ ಎಂದು ಕೊರೆದು ಬೆನ್ನಿಗೆ ಗುದ್ದು ತಿಂದಿದ್ದಳು.

ಎಪ್ಪತ್ತೆಂಟರ ಚುನಾವಣೆ ಬಂತು. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ತಂದಿಡಬೇಕೆಂದು ಸಾರಿದರು. ಸಾತಪ್ಪ ಗೂಟಕ್ಕೆ ಕೈ ಹಾಕಿದರೆ ಬಂದೂಕಿಲ್ಲ. ಅದೇ ವಾರ ಮುಧೋಳದ ಕಡೆ ಬಾವಿಯ ಜಗಳದಲ್ಲಿ ಯಾರೋ ಯಾರಿಗೋ ಗುಂಡು ಹೊಡೆದಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು; ಬಂದೂಕನ್ನು ಅವರಿಗೇ ಮಾರಿದ್ದಾನೆಂದು ಸಾತಪ್ಪನನ್ನು ಎಳೆದೊಯ್ದರು. ಠಾಣೆಯಿಂದ ತಿರುಗಿ ಬಂದ ಸಾತಪ್ಪ ಅಂಗಾಲು ಊರಲಾರದೆ ಗೋಡೆ ಹಿಡಿದು ನಡೆಯುತ್ತಿದ್ದ. ನಾನು ಮಾರಿಲ್ಲ, ಮಾರಿಲ್ಲ ಎಂದು ಕಂಡಕಂಡವರಿಗೆ ಹೇಳಿದ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಹಾಲವ್ವನನ್ನು ತಂದುಕೊಳ್ಳಬೇಕಿದ್ದ ಗಿರಿಮಲ್ಲಪ್ಪನ ಮನೆಯವರು, ಕಳ್ಳನ ಮಗಳು ಬೇಡ ಎಂದು ಹೇಳಿ ಕಳಿಸಿದರು. ಮರುವರ್ಷ ಸಾತಪ್ಪ ಸತ್ತ. ಹೆಣಕ್ಕೆ ಹೆಗಲು ಕೊಡುವವರನ್ನು ಮನೆಮನೆಗೆ ಹೋಗಿ ಕರೆಯಬೇಕಾಯಿತು.

ಸಾತಪ್ಪನ ತಮ್ಮ ರಾಮಲಿಂಗಪ್ಪನ ಮನೆ ನಡುಗೋಡೆಯ ಆಚೆ. ‘ಅಣ್ಣ ಹಿಂಗ ಮಾಡಬಾರದಿತ್ತು’ ಎಂದು ಅವನು ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತು ಕಣ್ಣೊರೆಸಿಕೊಂಡ. ಒಡಹುಟ್ಟಿದವನೇ ಹೀಗೆಂದ ಮೇಲೆ ಊರವರ ಮಾತೇನು? ಅಂದಿನಿಂದ ಹಾಲವ್ವ ಆ ಹೊಸ್ತಿಲು ತುಳಿಯಲಿಲ್ಲ. ರಾಮಲಿಂಗಪ್ಪ ಹೋಗಿ ಎಷ್ಟೋ ವರ್ಷವಾಯಿತು. ಈಗ ಆ ಮನೆಯಲ್ಲಿ ಅವನ ಹೆಂಡತಿ ರುಕ್ಮವ್ವ ಇದ್ದಾಳೆ. ಓಣಿಗೆಲ್ಲ ಹಿರಿಯಳು, ಕಣ್ಣು ಮಂಜಾಗಿದೆ. ಮಗ ಮಲ್ಲಿನಾಥ ಪಾವರಲೂಮುಗಳ ಸಾಹುಕಾರ. ಮೊಮ್ಮಗ ಅಮಿತನಿಗೆ ಹೋದ ವರ್ಷ ಹುನ್ನೂರಿನ ಒಕ್ಕಲುತನದ ಮನೆಯಿಂದ ವಂದನಾ ಎಂಬ ಹುಡುಗಿಯನ್ನು ತಂದರು. ಹುಡುಗಿ ಈಗ ತುಂಬಿದ ಬಸುರಿ.

ಈ ವರ್ಷದ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಸಂಜೆ ಅದೇ ವಂದನಾ ಬಂದು ಹಾಲವ್ವನ ಬಾಗಿಲಲ್ಲಿ ನಿಂತಳು.

“ಅತ್ತಿ, ಪೂಜಿ ಐತ್ರಿ ನಮ್ಮಲ್ಲಿ. ಆರತಿಗೆ ಬರ್ರಿ.”

“ನಿಮ್ಮ ಮಾವ ಹೇಳಿ ಕಳಿಸ್ಯಾನೇನ?”

“ಇಲ್ರಿ, ನಾನ ಬಂದೇನ್ರಿ. ಒಂದ ಗೋಡಿ ಆಚಿ ಈಚಿ ಇದ್ದು ಕರೀಲಿಲ್ಲಂದ್ರ ಛಲೋ ಕಾಣ್ತೈತೇನ್ರಿ?”

ಎರಡು ಮನೆಗೆ ಮಾತಿಲ್ಲ ಎಂಬುದನ್ನು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಹೇಳಹೋದರೆ ಏಕೆ ಎಂಬುದನ್ನೂ ಹೇಳಬೇಕಲ್ಲ! ಹಾಲವ್ವನಿಗೆ ಒಂದು ಕುಚೋದ್ಯ ಹೊಳೆಯಿತು. ತಾನು ನಡುಮನೆಯಲ್ಲಿ ನಿಂತರೆ ಮಲ್ಲಿನಾಥನ ಮುಖ ಹೇಗಾಗುತ್ತದೆ, ನೋಡಿಯೇಬಿಡೋಣ ಎಂದು ಸೆರಗು ಕೊಡವಿ ಎದ್ದಳು.

ಗಂಡಸರು ಹಿತ್ತಲ ಶೆಡ್ಡಿನಲ್ಲಿ ಪಾವರಲೂಮುಗಳ ಪೂಜೆಯಲ್ಲಿದ್ದರು. ನಡುಮನೆಯಲ್ಲಿ ಕಂಬಳಿ ಹಾಸಿ ಸಾಲಾಗಿ ಲಾಳಿ, ಹಣಿಗೆ, ಕತ್ತರಿ, ನಟ್ಟು ಬಿಚ್ಚುವ ಪಾನಾ ಇಟ್ಟಿದ್ದರು. ನೇಕಾರರ ಮನೆಯಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ವಂದನಾ ಅಲ್ಲಿಗೆ ನಿಂತಿರಲಿಲ್ಲ. ಈಳಿಗೆ, ಕೊಡಲಿ, ಹಾರೆ, ಮುರುಕು ಸರಪಳಿ ಎಲ್ಲಕ್ಕೂ ವಿಭೂತಿ ಬಳಿದು ಇಟ್ಟಿದ್ದಳು. ಸಾಲಿನ ಕೊನೆಗೆ, ಚೆಂಡುಹೂವಿನ ಮಾಲೆ ಹಾಕಿಕೊಂಡು, ಬಂದೂಕು ಮಲಗಿತ್ತು.

“ನಮ್ಮ ಹುನ್ನೂರಾಗ ಮನ್ಯಾಗಿನ ಕಬ್ಬಿಣ ಒಂದೂ ಬಿಡಂಗಿಲ್ರಿ” ಎಂದಳು ವಂದನಾ, ಹೆಮ್ಮೆಯಿಂದ. “ಅಟ್ಟದ ಮ್ಯಾಲ ಸೀರಿ ಸುತ್ತಿ ಇಟ್ಟಿದ್ರು ಇದನ್ನ. ಹುಣಸಿಹಣ್ಣ ಹಚ್ಚಿ ತಿಕ್ಕೀನ್ರಿ. ಹೆಂಗ ಹೊಳ್ಯಾಕತ್ತೈತಿ ನೋಡ್ರಿ!”

ಹಾಲವ್ವ ಕೂತು ನೋಡಿದಳು. ಕಟ್ಟಿಗೆಯ ಮೇಲಿನ ‘ಹಾ’ದೊಳಗೆ ಕುಂಕುಮ ತುಂಬಿತ್ತು. ಕಳೆದುಹೋದದ್ದು ಸಿಕ್ಕಿತೆಂದು ಅವಳಿಗೆ ಸಂತೋಷವಾಗಲಿಲ್ಲ, ಅದರ ಮೈ ಸವರಬೇಕೆಂದೂ ಅನಿಸಲಿಲ್ಲ. ಅಪ್ಪ ಅಂಗಾಲು ಎಳೆಯುತ್ತ ನಡೆಯುವಾಗ ಇದು ಗೋಡೆಯ ಈಚೆ ಇತ್ತು! ಅಪ್ಪ ಮಾರಿರಲಿಲ್ಲ. ಅವಳಿಗೆ ಅದು ಗೊತ್ತೇ ಇತ್ತು. ಈಗ ಊರಿಗೆ ಗೊತ್ತಾಗಬೇಕು, ಅಪ್ಪನ ಹೆಸರಿಗೆ ಅಂಟಿದ ಹೇಸಿಗೆ ಈ ಓಣಿಯವರ ಬಾಯಿಂದಲೇ ತೊಳೆದುಹೋಗಬೇಕು. ಅದೊಂದನ್ನು ಬಿಟ್ಟು ಅವಳಿಗೆ ಈ ಲೋಕದಲ್ಲಿ ಬೇರೇನೂ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಆರತಿಗೆಂದು ಮಲ್ಲಿನಾಥ ಒಳಗೆ ಬಂದ. ಸಾಲಿನ ಕೊನೆ ಕಂಡದ್ದೇ ಅವನ ಮುಖದ ರಕ್ತ ಇಳಿದುಹೋಯಿತು.

“ಇದನ್ನ ಯಾರ ತಗದ್ರು?”

“ಇದೇನು ಅಂತ ಕೇಳಲಿಲ್ಲ ನೀ” ಎಂದಳು ಹಾಲವ್ವ. “ಯಾರ ತಗದ್ರು ಅಂದಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ನಂತ. ನಿನಗ ಗೊತ್ತಿತ್ತು, ಮಲ್ಯಾ.”

ಅವನು ಬಗ್ಗಿ ಬಂದೂಕಿಗೆ ಕೈ ಹಾಕಿದ. ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದ ರುಕ್ಮವ್ವನಿಗೆ ಮಗ ಬಗ್ಗಿದ್ದು ಮಸುಕಾಗಿ ಕಂಡಿತು, ಏನನ್ನು ಎತ್ತುತ್ತಿದ್ದಾನೆಂಬುದು ಕಾಣಲಿಲ್ಲ. ಮುದುಕಿ ಚೀರಿದಳು:

“ಎತ್ತಬ್ಯಾಡ ಲೇ! ಪೂಜಿಗಿಟ್ಟದ್ದನ್ನ ಬನ್ನಿ ಕೊಡೂತನಕಾ ಎತ್ತಬಾರ್ದು. ನಿಮ್ಮಪ್ಪ ಒಮ್ಮಿ ಕತ್ತರಿ ಎತ್ತಿ ಬೆರಳ ಕಳಕೊಂಡಿದ್ದ, ಮರತ್ಯೇನ? ಮನ್ಯಾಗ ಬಸರಿ ಹುಡಿಗಿ ಐತಿ!”

ಮಲ್ಲಿನಾಥನ ಕೈ ಅಲ್ಲೇ ನಿಂತಿತು. ಲಕ್ಷಗಟ್ಟಲೆ ವ್ಯವಹಾರ ಮಾಡುವವನು, ಯಾರ ಮಾತಿಗೂ ಜಗ್ಗದವನು. ಆದರೆ ಅಪ್ಪನ ಮೊಂಡು ಬೆರಳನ್ನು ನೋಡುತ್ತ ಬೆಳೆದವನು. ಕೈ ಹಿಂದಕ್ಕೆ ತೆಗೆದ.

ಹಾಲವ್ವ ಕಂಬಳಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿದಳು. “ಹಿರ್ಯಾರ ಮಾತು. ಬನ್ನಿ ತನಕಾ ಇದೂ ಏಳೂದಿಲ್ಲ, ನಾನೂ ಏಳೂದಿಲ್ಲ. ನಾಳೆ ಸಂಜಿಕ ಬನ್ನಿ ಕೊಡಾಕ ಇಡೀ ಓಣಿ ಚಿಗವ್ವನ ಕಡೆ ಬರ್ತೈತಿ. ಬರ್ಲಿ, ನೋಡ್ಲಿ.”

ಅದು ಖರೆ. ಬನ್ನಿಯ ದಿನ ಮೊದಲ ಎಲೆ ದೇವರಿಗೆ, ಎರಡನೆಯದು ಓಣಿಯ ಹಿರಿಯರಿಗೆ. ಆ ಹೊತ್ತಿಗೆ ಬಾಗಿಲು ಹಾಕಿದ ಮನೆ ಇಡೀ ಬನಹಟ್ಟಿಯಲ್ಲಿ ಸಿಗುವುದಿಲ್ಲ. ಹಾಕಿದರೆ ಒಳಗೆ ಹೆಣ ಬಿದ್ದಿದೆ ಎಂದೇ ತಿಳಿಯುತ್ತಾರೆ.

ಮಲ್ಲಿನಾಥ ಮೊದಲು ಬೆಲ್ಲ ಸವರಿದ. “ಅಕ್ಕಾ, ಆಗ ನಾ ಸಣ್ಣಾವ. ಸತ್ತವ್ರು ಸತ್ತ್ರು. ಬನ್ನಿ ಮುಗೀತಿದ್ದಂಗ ಗಲಗಲಿ ಹೊಳಿಗೆ ಒಗದ ಬರ್ತೀನಿ. ನಿಮಗೂ ಪೀಡಾ ತಪ್ಪತೈತಿ, ನಮಗೂ ತಪ್ಪತೈತಿ.”

“ಹೊಳಿಗೆ ಒಗಿಯೂದಿದ್ರ ನನ್ನೂ ಅದಕ್ಕ ಕಟ್ಟಿ ಒಗಿ.”

ಬೆಲ್ಲ ಕರಗಿತು, ಹಲ್ಲು ಕಂಡಿತು. “ಪೊಲೀಸ್ರು ಬಂದ್ರ ಲೈಸೆನ್ಸ್ ಯಾರ ಹೆಸರಲೇ ಇತ್ತು ಅಂತ ಕೇಳ್ತಾರ. ನಮ್ಮಪ್ಪಂದಲ್ಲ, ನಿಮ್ಮಪ್ಪಂದು. ನೆನಪಿರ್ಲಿ.”

“ಕೇಳ್ಲಿ. ಅದನ್ನ ಕೇಳ್ಲಿ ಅಂತ ಕೂತೇನಿ.”

ಅಮಿತ ಒಳಗಿನ ಖೋಲಿಯಲ್ಲಿ ಹೆಂಡತಿಯ ಮೇಲೆ ಹಾರಾಡುತ್ತಿದ್ದ. ನಿನಗೆ ಯಾರು ಅಟ್ಟ ಹತ್ತೆಂದರು, ಯಾರು ತಿಕ್ಕೆಂದರು ಎಂಬ ಕೂಗು ನಡುಮನೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ವಂದನಾ ಕಣ್ಣು ಕೆಂಪು ಮಾಡಿಕೊಂಡು ಚಹಾ ತಂದಿಟ್ಟಳು. ಹಾಲವ್ವ ಕುಡಿದಳು. ಆ ಮನೆಯಲ್ಲಿ ಅವಳು ಮುಟ್ಟಿದ್ದು ಆ ಒಂದು ಲೋಟ ಚಹಾ ಮಾತ್ರ. ರೊಟ್ಟಿಯ ತಾಟು ಹಾಗೇ ಆರಿತು.

ಮಾರನೆಯ ದಿನ ಮಧ್ಯಾಹ್ನದ ತನಕ ತಾಯಿ ಮಗ ಅಡುಗೆಮನೆಯಲ್ಲಿ ಗುಸುಗುಸು ಮಾತಾಡಿದರು. ಹಾಲವ್ವನಿಗೆ ಕೇಳಿಸಲಿಲ್ಲ. ಕೇಳುವ ಗರಜೂ ಇರಲಿಲ್ಲ, ಅಥವಾ ಇರಲಿಲ್ಲ ಎಂದುಕೊಂಡಳು. ಸಂಜೆ ಬನ್ನಿ ಮರದ ಕಡೆಯಿಂದ ಗದ್ದಲ ಹತ್ತಿರವಾಯಿತು. ಹೊಸ ಬಟ್ಟೆ ಉಟ್ಟ ಜನ ಕೈಯಲ್ಲಿ ಎಲೆ ಹಿಡಿದು ಒಳಗೆ ಬರತೊಡಗಿದರು. ಎಲ್ಲರಿಗಿಂತ ಮುಂದೆ ಗಿರಿಮಲ್ಲಪ್ಪ, ಅಂದು ಹಾಲವ್ವನಿಗೆ ಗೊತ್ತಾಗಿದ್ದ ವರ, ಈಗ ಪಂಚರ ಹಿರಿಯ, ಬೆಳ್ಳಗಿನ ಮೀಸೆ. ಹೊಸ್ತಿಲು ದಾಟಿದವನು ಬಂದೂಕು ಕಂಡ, ಪಕ್ಕದಲ್ಲಿ ಹಾಲವ್ವನನ್ನು ಕಂಡ, ‘ಬಂಗಾರದಂಗ ಇರೋಣ’ ಎಂಬ ಮಾತು ಅವನ ಬಾಯಲ್ಲೇ ಉಳಿಯಿತು.

“ಗುರ್ತ ಸಿಕ್ತೇನ?” ಎಂದಳು ಹಾಲವ್ವ. “ನಮ್ಮಪ್ಪ ಮಾರ್ಯಾನ ಅಂದ್ರೆಲ್ಲಾ, ಅದ ಇದು. ಈ ಮನಿ ಅಟ್ಟದಾಗ ಸಿಕ್ಕೈತಿ.”

ಜನರ ಕಣ್ಣು ರುಕ್ಮವ್ವನ ಕಡೆ ತಿರುಗಿತು. ಮುದುಕಿ ತಯಾರಾಗಿಯೇ ಕೂತಿದ್ದಳು. ಸೆರಗಿನಿಂದ ಮೂಗೊರೆಸಿ, ನಡುಗುವ ದನಿಯಲ್ಲಿ ಹೇಳಿದಳು:

“ಹೇಳಬಾರ್ದು ಅಂತಿದ್ದೆ. ಸಾತಪ್ಪ ಭಾವಾನ ಇದನ್ನ ತಂದ ಕೊಟ್ಟಿದ್ದ. ರೊಕ್ಕಾ ತಗೊಂಡು ಯಾರಿಗೋ ಕೊಟ್ಟಿದ್ನಂತ, ಕೆಲಸ ಮುಗಿದಮ್ಯಾಲ ತಿರಗಿ ಬಂತಂತ. ಮುಚ್ಚಿಡ್ರಿ ಅಂತ ಕಾಲ ಹಿಡದ. ಮನಿ ಮರ್ಯಾದಿ ಅಂತ ಬಾಯಿ ಮುಚಗೊಂಡ ಕೂತ್ವಿ.”

ಗುಂಪಿನಲ್ಲಿ ಯಾರೋ ಲೊಚಗುಟ್ಟಿದರು. ಯಾರೋ ತಲೆಯಾಡಿಸಿದರು. ಹಾಲವ್ವ ತಾನೇ ರಾತ್ರಿಯಿಡೀ ಕಾದು ಕೂತ ಬಂದೂಕು ಈಗ ತಿರುಗಿ ಅಪ್ಪನ ಎದೆಗೆ ಗುರಿಯಾಗಿತ್ತು. ಇವರು ನಂಬುತ್ತಾರೆ. ನಂಬಿದರೆ ಇವರು ಅಂದು ಆಡಿದ್ದೆಲ್ಲ ಸರಿ ಎಂದಾಗುತ್ತದೆ, ಯಾರ ಮೈಗೂ ಹೊಲಸು ಹತ್ತುವುದಿಲ್ಲ. ಅಂಥ ಸುಳ್ಳನ್ನು ಯಾರು ಬೇಡವೆಂದಾರು? ಮಲ್ಲಿನಾಥ ತುಟಿಯ ಮೂಲೆಯಲ್ಲಿ ನಗುವನ್ನು ಒತ್ತಿ ಹಿಡಿದಿದ್ದ.

ಹಾಲವ್ವ ಎದ್ದಳು. ಗಿರಿಮಲ್ಲಪ್ಪನ ಕೈಯಿಂದ ಒಂದು ಬನ್ನಿಯ ಎಸಳು ಕಿತ್ತುಕೊಂಡು ರುಕ್ಮವ್ವನ ಮುಂದೆ ಹಿಡಿದಳು.

“ತಗೋ ಚಿಗವ್ವಾ. ಬಂಗಾರ ಕೈಯಾಗ ಹಿಡದ ಅದ ಮಾತು ಇನ್ನೊಮ್ಮಿ ಹೇಳು. ಬನ್ನಿ ಹಿಡದ ಸುಳ್ಳಾಡಿದ್ರ ಮನಿ ಕುಡಿಗೆ ತಟ್ಟತೈತಿ ಅಂತ ನಾ ಸಣ್ಣಾಕಿದ್ದಾಗ ನೀನ ಹೇಳಿದ್ದಿ. ವಂದನಾ, ಬಾ ಇಲ್ಲೆ. ಅಜ್ಜಿ ಮುಂದ ನಿಂದರು.”

ತುಂಬಿದ ಬಸುರಿಯನ್ನು ಅಂಥ ಮಾತಿಗೆ ಅಡ್ಡ ನಿಲ್ಲಿಸುವುದು ಕ್ರೂರವೇ. ಹಾಲವ್ವನಿಗೂ ಅದು ತಿಳಿಯದ್ದಲ್ಲ. ಆದರೆ ಅವಳ ಅಪ್ಪನ ಅಂಗಾಲಿಗೆ ಯಾರು ಕನಿಕರ ತೋರಿಸಿದ್ದರು?

ವಂದನಾ ಏನೂ ತಿಳಿಯದೆ ಬಂದು ನಿಂತಳು. ರುಕ್ಮವ್ವ ಮಂಜುಗಣ್ಣಿನಿಂದ ಅವಳ ಹೊಟ್ಟೆಯ ಕಡೆ ನೋಡಿದಳು. ಕೈ ಅರ್ಧ ಮುಂದೆ ಬಂತು. ಬೆರಳು ಬಿಚ್ಚಲಿಲ್ಲ. ಮುಷ್ಟಿ ಮಡಿಲಿಗೆ ತಿರುಗಿ ಬಿತ್ತು.

“ಅವ್ವಾ, ತಗೋ!” ಮಲ್ಲಿನಾಥ ಗದರಿದ. “ತಗೊಂಡು ಹೇಳು!”

“ನನ್ನ ಕೈಲೇ ಆಗೂದಿಲ್ಲೋ” ಎಂದು ಮುದುಕಿ ಗೋಳೋ ಎಂದಳು. “ಮುಂದಿನ ಖೋಲಿ ಸಂಬಂಧ ಅಣ್ಣತಮ್ಮರ ನಡುವ ಜಗಳಾ ಇತ್ತು. ಅಣ್ಣ ಠಾಣೆಕ್ಕ ಹೋಗೂ ಮುಂದ ಗಾಬರಿ ಆಗಿ ನನ್ನ ಕಡೆ ಬರ್ಲಿ, ಖೋಲಿ ಬಿಟ್ಟುಕೊಡ್ತೀನಿ ಅನ್ಲಿ, ಆಮ್ಯಾಲ ಕೊಟ್ರಾತು ಅಂತ ಇವ್ರು ಮಗ್ಗದ ಕುಣ್ಯಾಗ ಹುಗದಿಟ್ರು. ಭಾವ ಬರೂಕಿಂತ ಮೊದಲ ಪೊಲೀಸ್ರು ಬಂದ್ರು. ಹೊರಗ ತಗದ್ರ ನಾವ ಕಳ್ಳರಾಗ್ತೀವಿ ಅಂತ ಹೆದರಿ ಬಿಟ್ರು. ಕೈಮಗ್ಗ ತಗದು ಪಾವರಲೂಮ ಹಾಕೂತನಕಾ ಅದರ ಮ್ಯಾಲ ಕಾಲ ಇಟಗೊಂಡ ನೇಯ್ದ್ರು, ಆಮ್ಯಾಲ ಅಟ್ಟಕ್ಕ ಏರಿಸಿದ್ರು. ಆಗ ಗೋಡಿ ಆಚಿಂದ ಭಾವ ನರಳೂದು ಕೇಳಸ್ತಿತ್ತು. ಕೇಳಸಬಾರ್ದಂತ ಲಾಳಿ ಜೋರ ಹೊಡೀತಿದ್ರು.”

ಬಾಗಿಲ ಬಳಿ ನಿಂತಿದ್ದ ಇಬ್ಬರು ಎಲೆಗಳನ್ನು ಕಿಸೆಗೆ ಹಾಕಿಕೊಂಡು ಮೆಲ್ಲನೆ ಜಾರಿದರು. ಮಲ್ಲಿನಾಥ ಗೋಡೆಯ ಕಡೆ ಮುಖ ಮಾಡಿದ. ಗಿರಿಮಲ್ಲಪ್ಪ ಮಾತ್ರ ನಿಂತಲ್ಲೇ ನಿಂತು, ಉಳಿದ ಬನ್ನಿಯನ್ನು ಎರಡೂ ಕೈಯಿಂದ ಹಾಲವ್ವನ ಮುಂದೆ ಹಿಡಿದ.

“ಹಾಲವ್ವಾ, ತಪ್ಪಾತು. ಬನ್ನಿ ತಗೋ. ನಾವು ನೀವು—”

“ನಿಮ್ಮ ಬನ್ನಿ ಬ್ಯಾಡ ನನಗ.” ಆ ಮಾತು ಓಣಿಯಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ. “ಕಿಸೆದಾಗಿನ ಫೋನ್ ತಗೀರಿ. ಠಾಣೆಕ್ಕ ಹಚ್ಚರಿ. ಕಳದ ಬಂದೂಕ ಸಿಕ್ಕೈತಿ, ಯಾರ ಮನ್ಯಾಗ ಸಿಕ್ಕೈತಿ, ಯಾರ ಕದ್ದಿದ್ರು, ಎಲ್ಲಾ ಹೇಳ್ರಿ. ನನ್ನ ಬಾಯಲೇ ಅಲ್ಲ, ನಿಮ್ಮ ಬಾಯಲೇ.”

ಗಿರಿಮಲ್ಲಪ್ಪ ಮಲ್ಲಿನಾಥನ ಬೆನ್ನು ನೋಡಿದ, ಜನರನ್ನು ನೋಡಿದ. ಎಲೆಗಳನ್ನು ಕೆಳಗಿಟ್ಟು ಫೋನು ತೆಗೆದ. ಹೆಬ್ಬೆರಳು ಎರಡು ಸಲ ತಪ್ಪಿತು. ಆ ಕಡೆಯಿಂದ ಯಾರೋ ಎತ್ತಿಕೊಂಡ ಮೇಲೆ ಊರು ಹೇಳಿದ, ಓಣಿ ಹೇಳಿದ, ರಾಮಲಿಂಗಪ್ಪನ ಮನೆ ಎಂದ. ಆಮೇಲೆ ತಲೆ ತಗ್ಗಿಸಿ ಗಂಟಲೊಳಗೇ ಅಂದ:

“ಸಾತಪ್ಪ ಮಾರಿದ್ದಿಲ್ರಿ ಸಾಹೇಬ್ರ.”

“ಮಂದಿಗೆ ಕೇಳಸ್ಲಿಲ್ಲ” ಎಂದಳು ಹಾಲವ್ವ. “ಇನ್ನೊಮ್ಮಿ ಹೇಳ್ರಿ. ಜೋರಾಗಿ.”