ಎಮ್ಮೆಯ ಪುಡಿ ಯಮನಮ್ಮನ ಲೋಟಕ್ಕೆ

ಯಮನಮ್ಮ ಎಮ್ಮೆಯ ಬಾನಿಯಲ್ಲಿ ತೌಡು, ಹಿಂಡಿ ಹಾಕಿ, ದನದ ಡಾಕ್ಟರು ಕೊಟ್ಟ ಪುಡಿ ಉದುರಿಸಿ ಕಲಸುತ್ತಿದ್ದಳು. ಗಂಡ ಗಾದಿಲಿಂಗಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಎರಡನೇ ಕೂಸು ಹುಟ್ಟಿ ಒಂಬತ್ತು ತಿಂಗಳಾಗಿತ್ತು. ಗಂಡ ಹತ್ತಿರ ಬಂದರೆ ಅವಳು ಕೂಸನ್ನು ನಡುವೆ ಮಲಗಿಸಿ ಗೋಡೆಯ ಕಡೆ ತಿರುಗುತ್ತಿದ್ದಳು. ಯಾಕೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕಂಪ್ಲಿ ಕಡೆ ಕಾಲುವೆ ನೀರು ಬಂದ ಮೇಲೆ ವರ್ಷಕ್ಕೆ ಎರಡು ಬೆಳೆ ಬತ್ತ. ನಾಟಿಯೂ ಎರಡು, ಕಳೆಯೂ ಎರಡು; ಹೆಣ್ಣುಮಕ್ಕಳ ಸೊಂಟ ಮಾತ್ರ ಒಂದೇ. ಬತ್ತದ ದುಡ್ಡಲ್ಲಿ ತಂದ ಎಮ್ಮೆ ವರ್ಷವಾದರೂ ಬೆದೆಗೆ ಬಂದಿರಲಿಲ್ಲ. ಈ ಪುಡಿ ತಿಂದು ಮೂರೇ ವಾರಕ್ಕೆ ಬಂತು. ಆವತ್ತೇ ಗಾದಿಲಿಂಗಪ್ಪನ ತಲೆಯೊಳಗೆ ಒಂದು ಹುಳ ಹೊಕ್ಕಿತು.

ಮರುದಿನ ಅವನೇ ಹಾಲು ಕಾಸಿ, ಬೆಲ್ಲ ಹಾಕಿ, ಲೋಟ ಹಿಡಿದುಕೊಂಡು ಬಂದ. ಮದುವೆಯಾದಾಗಿನಿಂದ ಅವನು ಒಲೆಯ ಹತ್ತಿರ ಹೋದದ್ದೇ ಇಲ್ಲ.

"ಕುಡಿ. ಶಕ್ತಿ ಬರ್ತೈತಿ."

ಯಮನಮ್ಮ ಮೂಸಿ ನೋಡಿದಳು. ದಿನಾ ಕೈಯಲ್ಲಿ ಕಲಸುವ ಪುಡಿಯದೇ ವಾಸನೆ.

"ಇದು ಎಮ್ಮಿ ಪುಡಿ ಅಲ್ಲೇನ್ರಿ?"

"ಹೂಂ... ಎಮ್ಮಿಗೆ ಚಲೋ ಆತಲ್ಲ, ಅದಕ್ಕ..." ಅವನು ಮುಂದೆ ಹೇಳಲಾರದೆ ಮೀಸೆ ತಿಕ್ಕಿಕೊಂಡ.

ಅವಳಿಗೆ ಅಳು ಬಂತು. ಅಳುವ ಮೊದಲೇ ನಗು ನುಗ್ಗಿತು. ಬೇಡವೆಂದರೆ ಮನೆಯಲ್ಲಿ ಮುನಿಸು. ಕುಡಿದರೆ ಕೂಸಿಗೆ ಎದೆಹಾಲು ಕುಡಿಸುವುದು ಹೇಗೆ?

ಅಷ್ಟರಲ್ಲಿ ಕೂಸಿಗೆ ಸೂಜಿ ಹಾಕಲು ಸಿಸ್ಟರ್ ಕೊಟ್ರಬಸಮ್ಮ ಬಂದರು. ಲೋಟ ನೋಡಿದರು, ಪುಡಿಯ ಡಬ್ಬಿ ನೋಡಿದರು, ಗಾದಿಲಿಂಗಪ್ಪನ ಮುಖ ನೋಡಿದರು. ಎಲ್ಲ ತಿಳಿಯಿತು.

"ಏನಪ್ಪಾ ಗಾದಿಲಿಂಗಪ್ಪ, ಹಿಂಡೀನೂ ತಿನಿಸ್ತೀಯೇನು?"

"ನಗಬ್ಯಾಡ್ರಿ ಸಿಸ್ಟರ್. ಈಕಿಗೆ ಆಸೆನ ಹೋಗಿಬಿಟ್ಟೈತಿ. ನಿಮ್ಮ ಕಡೆ ಮಾತ್ರೆ ಇದ್ರ ಕೊಡ್ರಿ, ಇದನ್ನ ಚೆಲ್ಲಿಬಿಡ್ತೀನಿ."

"ಎಮ್ಮಿಗೆ ಪುಡಿ ಕೊಡೂಕಿಂತ ಮೊದ್ಲು ದನದ ಡಾಕ್ಟ್ರು ಏನ್ ಮಾಡಿದ್ರು?"

"ಮೈ ಪೂರಾ ಪರೀಕ್ಷೆ ಮಾಡಿದ್ರಿ. ಏನ್ ತಿಂತೈತಿ, ಕರು ಹಾಕಿ ಎಷ್ಟು ದಿನ ಆತು, ಎಲ್ಲಾ ಕೇಳಿದ್ರಿ."

"ಯಮನಮ್ಮಗ ಏನ್ ಕೇಳಿದಿ?"

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಯಮನಮ್ಮನ ಅತ್ತೆ ಹೊನ್ನೂರಮ್ಮ ಬಾಯಿ ಹಾಕಿದಳು. "ಇದನ್ನೆಲ್ಲ ಕೇಳ್ತಾರೇನ್ರಿ? ನಾ ಏಳು ಹಡದೀನಿ. ನಮ್ಮ ಕಾಲದಾಗ ಈ ಥಳಕು ಇರಲಿಲ್ಲ."

"ಖರೇ ಐತಿ ಯವ್ವಾ. ಏಳು ಹಡದಾಗ ಒಮ್ಮೆನಾದ್ರೂ ನಿನಗ ಯಾರಾದ್ರೂ ನೋವು ಐತೇನಂತ ಕೇಳಿದ್ರೇನು?"

ಹೊನ್ನೂರಮ್ಮನ ಬೆರಳುಗಳು ಅಕ್ಕಿಯಲ್ಲೇ ನಿಂತವು. "ಯಾರ್ ಕೇಳ್ತಾರ ತಾಯಿ," ಅಂದಳು. ಆಮೇಲೆ ಮಗನ ಕೈಗೆ ಕೂಸು ಕೊಟ್ಟು, "ಹೊರಗ ನಡಿಯಲೇ, ಹೆಂಗಸ್ರು ಮಾತಾಡ್ಲಿ," ಎಂದು ಅಟ್ಟಿದಳು.

ಯಮನಮ್ಮ ಒಂದೊಂದಾಗಿ ಹೇಳಿದಳು. ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಜಾಗ ಇನ್ನೂ ನೋಯುತ್ತಿತ್ತು. ಬಗ್ಗಿ ನಾಟಿ ಹಚ್ಚುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮತ್ತೆ ಬಸಿರಾದರೆ ಎಂಬ ಭಯ.

ಸಿಸ್ಟರ್ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಿಚಿತ್ತು. "ರಕ್ತ ಕಮ್ಮಿ ಐತಿ. ನಿನ್ನ ತಪ್ಪು ಏನೂ ಇಲ್ಲ ತಂಗಿ. ನೋವು, ಸುಸ್ತು, ಭಯ ಮೂರೂ ಕೂಡಿದ್ರ ಆಸೆ ಎಲ್ಲಿಂದ ಬರ್ಬೇಕು? ನಾಳೆ ದವಾಖಾನಿಗೆ ಬಾ. ಗಂಡನ್ನೂ ಕರ್ಕೊಂಡು ಬಾ."

ಕಂಪ್ಲಿ ದವಾಖಾನೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತಕ್ಕೆ ಮಾತ್ರೆ, ಗಾಯದ ಜಾಗಕ್ಕೆ ಮುಲಾಮು ಕೊಟ್ಟರು. ಯಮನಮ್ಮ ಕೇಳಿಕೊಂಡ ಮೇಲೆ ಬಸಿರು ತಡೆಯುವ ಕಾಪರ್-ಟಿ ಹಾಕಿದರು.

"ಆಸೆ ಬರಾ ಮಾತ್ರೆ?" ಎಂದ ಗಾದಿಲಿಂಗಪ್ಪ.

"ಒಂದು ನುಂಗಿದ್ರ ಆಸೆ ಬರುವಂಥಾ ಮಾತ್ರೆ ನನ್ನ ಹತ್ರ ಇಲ್ಲಪ್ಪ. ಇರೋದು ಕಾರಣಕ್ಕ ಔಷಧ. ಅದಕ್ಕ ಎರಡು ತಿಂಗಳು ಬೇಕು. ಅಲ್ಲೀತನ ದಿನಾ ಎರಡು ಕೊಡ ನೀರು ನೀನ ತಾ."

ತಂದ. ಓಣಿಯವರು ನಕ್ಕರು. ಅವನೂ ನಕ್ಕ. ಮೂರನೇ ತಿಂಗಳು ಯಮನಮ್ಮ ತಾನಾಗಿಯೇ ಕೂಸನ್ನು ಅತ್ತೆಯ ಪಕ್ಕ ಮಲಗಿಸಿ ಬಂದಳು. ಹೊನ್ನೂರಮ್ಮ ಗೋಡೆಯ ಕಡೆ ತಿರುಗಿ, ಸೆರಗಿನೊಳಗೆ ನಕ್ಕಳು.

ಅಕ್ಕ ತಂಗಿಯರೇ, ಆಸೆ ಕಡಿಮೆಯಾದರೆ ನಾಚಿಕೆ ಪಡಬೇಡಿ. ರಕ್ತ ಕಡಿಮೆ ಇರಬಹುದು, ನೋವಿರಬಹುದು, ಮನಸ್ಸಿಗೆ ಬೇಸರವಿರಬಹುದು, ಬೇರೆ ಕಾಯಿಲೆಯೂ ಇರಬಹುದು. ಸಂತೆಯ ಪುಡಿ, ಹೆಸರಿಲ್ಲದ ಗುಳಿಗೆ ನುಂಗಬೇಡಿ. ಔಷಧ ಬೇಕೋ ಬೇಡವೋ ಡಾಕ್ಟರು ನೋಡಿ ಹೇಳಲಿ. ಮನಸ್ಸಿಲ್ಲದ ದಿನ ಇಲ್ಲ ಅನ್ನುವ ಹಕ್ಕು ನಿಮಗಿದೆ.

ಅಣ್ಣಂದಿರೇ, ಮನೆಯವಳಿಗೆ ಏನಾಗಿದೆ ಎಂದು ಇವತ್ತು ಕೇಳಿ. ಕೇಳಿದ ಮೇಲೆ, ಅವಳು ಹೇಳುವವರೆಗೂ ಎದ್ದು ಹೋಗಬೇಡಿ.